ಹಿತ್ತಿಲಲ್ಲೊಂದು ಮರದ ಕೋಣೆ: ಮಲೆನಾಡಿನ ಮಳೆಗೆ ತಾಳುವಂತೆ ಕಟ್ಟುವ ಬಗೆ

ಸಾಗರ ಸೀಮೆಯಲ್ಲಿ ಹಳೆಯ ಮನೆಗಳ ತೊಲೆ-ಕಂಬ ಮುಟ್ಟಿ ನೋಡಿದವರಿಗೆ ಗೊತ್ತು, ಅಜ್ಜನ ಕಾಲದ ಮರ ಇವತ್ತಿಗೂ ಗಟ್ಟಿಯಾಗಿದೆ. ಅದೇ ಊರಿನಲ್ಲಿ ಐದು ವರ್ಷದ ಹಿಂದೆ ಹಾಕಿದ ಮರದ ಗೇಟು ಕುಂಬಾಗಿ ಕೈಯಲ್ಲೇ ಉದುರುತ್ತದೆ. ಎರಡಕ್ಕೂ ಬಿದ್ದದ್ದು ಒಂದೇ ಮಳೆ. ಹಳೆ ಮನೆಯ ಮರ ನೆನೆದರೂ ಬೇಗ ಒಣಗುತ್ತಿತ್ತು. ಗೇಟಿನ ಬುಡ ಜೂನ್‌ನಲ್ಲಿ ನೆನೆದದ್ದು ಅಕ್ಟೋಬರ್‌ವರೆಗೂ ಒಣಗಲಿಲ್ಲ.

ಮನೆಯ ಹಿಂದೆ, ಅಡಿಕೆ ತೋಟಕ್ಕೆ ಇಳಿಯುವ ದಾರಿಯ ಪಕ್ಕ, 10 ಅಡಿ ಅಗಲ 12 ಅಡಿ ಉದ್ದದ ಒಂದು ಮರದ ಕೋಣೆ ಕಟ್ಟಿದ್ದೇವೆ. ಓದಲು, ಬರೆಯಲು, ನೆಂಟರು ಬಂದರೆ ಮಲಗಲು. ಅದಕ್ಕೂ ಮುನ್ನ ಒಂದು ಚಿಕ್ಕ ಕೋಣೆ ಕಟ್ಟಿ ಕಳೆದುಕೊಂಡಿದ್ದೆ. ಎರಡರಿಂದಲೂ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತೇನೆ. ಅಳತೆಗಳೆಲ್ಲ ಈ 10×12ರ ಕೋಣೆಯವು. ನಿಮ್ಮದು ದೊಡ್ಡದಾದರೆ, ಅದರಲ್ಲೂ ಕಂಬದಿಂದ ಕಂಬಕ್ಕೆ 6 ಅಡಿ ಮೀರಿದರೆ, ಅನುಭವಿ ಆಚಾರಿಯನ್ನೋ ಇಂಜಿನಿಯರನ್ನೋ ಕೇಳಿಯೇ ಮರದ ದಪ್ಪ ಗೊತ್ತುಮಾಡಿ.

ಜಾಗ ನೋಡುವುದು

ಜಾಗ ಗೊತ್ತುಮಾಡಬೇಕಾದದ್ದು ಮಳೆಗಾಲದಲ್ಲಿ. ಬೇಸಿಗೆಯಲ್ಲಿ ಎಲ್ಲ ಜಾಗವೂ ಚೆನ್ನಾಗಿಯೇ ಕಾಣುತ್ತದೆ. ಜುಲೈ ತಿಂಗಳ ಜೋರು ಮಳೆಯಲ್ಲಿ ಕೊಡೆ ಹಿಡಿದು ಹಿತ್ತಿಲಿಗೆ ಹೋಗಿ ನಿಂತು ನೋಡಿ. ಧರೆಯಿಂದ, ಅಂದರೆ ಮಣ್ಣಿನ ದಿಬ್ಬದಿಂದ, ನೀರು ಎಲ್ಲಿ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಒರತೆ ಏಳುತ್ತದೆ ಎಂಬುದು ಅವತ್ತೇ ತಿಳಿಯುವುದು. ನಾವು ಮೊದಲು ಮನಸ್ಸು ಮಾಡಿದ ಜಾಗದಲ್ಲಿ ಬೇಸಿಗೆಯಲ್ಲಿ ಧೂಳು ಏಳುತ್ತಿತ್ತು, ಆಗಸ್ಟ್‌ನಲ್ಲಿ ಕಾಲಿಟ್ಟರೆ ಪಾದ ಮುಳುಗಿತು.

ಮಳೆ ಬೀಸುವುದು ನೈಋತ್ಯದಿಂದ. ಬಾಗಿಲು, ದೊಡ್ಡ ಕಿಟಕಿ ಪೂರ್ವಕ್ಕೋ ಉತ್ತರಕ್ಕೋ ಇರಲಿ. ನೈಋತ್ಯದ ಕಡೆ ಗೋಡೆಗೆ ಆದಷ್ಟು ಕಡಿಮೆ ತೂತು. ತೆಂಗಿನ ಮರದ ಕೆಳಗೆ ಬೇಡ, ಒಣಗಿದ ಕೊಂಬೆಯ ದೊಡ್ಡ ಮರದ ಕೆಳಗೂ ಬೇಡ. ದಟ್ಟ ನೆರಳಿಗಿಂತ ಬೆಳಗಿನ ಎರಡು ಗಂಟೆ ಬಿಸಿಲು ಬೀಳುವ ಜಾಗ ಮೇಲು. ಆ ಬಿಸಿಲೇ ಮರವನ್ನು ಒಣಗಿಸುವುದು.

ಕಟ್ಟುವ ಮೊದಲು ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಮನೆ ನಿವೇಶನದ ಒಳಗೋ ಕೃಷಿ ಜಮೀನಿನಲ್ಲೋ ಎಂಬುದರ ಮೇಲೆ ಕಾಗದಪತ್ರ ಬೇರೆಯಾಗುತ್ತದೆ.

ಯಾವ ಮರ?

ಸಾಗುವಾನಿಯೇ ಬೇಕೆಂದು ಹಟ ಹಿಡಿದರೆ ಖರ್ಚಿನ ಮುಕ್ಕಾಲು ಪಾಲು ಅಲ್ಲಿಗೇ ಹೋಗುತ್ತದೆ. ಸಾಗುವಾನಿ ಒಳ್ಳೆಯ ಮರವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲ ಭಾಗಕ್ಕೂ ಅದು ಬೇಕಿಲ್ಲ. ಕಂಬಕ್ಕೊಂದು, ಹಲಗೆಗೊಂದು, ಒಳಗಿನ ಅಟ್ಟಕ್ಕೊಂದು ಎಂದು ಮರ ಆರಿಸುವುದು ನಮ್ಮಲ್ಲಿ ಹಳೆಯ ಪದ್ಧತಿ.

ನಾವು ಮಾಡಿದ್ದು ಹೀಗೆ. ಕಂಬ, ಅಡಿ ತೊಲೆ, ಜಂತಿಗೆ (ನೆಲದ ಹಲಗೆ ಹೊರುವ ಅಡ್ಡ ಮರ) ಹಳೆ ಮನೆ ಬಿಚ್ಚಿದ ಮರ. ಮಲೆನಾಡಿನಲ್ಲಿ ಪ್ರತಿ ಬೇಸಿಗೆ ಎಲ್ಲೋ ಒಂದು ಹಳೆ ಮನೆ ಬಿಚ್ಚುತ್ತಿರುತ್ತಾರೆ. ಮತ್ತಿ, ಹೊನ್ನೆ, ಹಲಸಿನ ತೊಲೆಗಳು ಸಿಗುತ್ತವೆ. ಹತ್ತಾರು ವರ್ಷ ಒಣಗಿದ ಮರ, ಇನ್ನು ಸೊಟ್ಟಗಾಗುವ ಮಾತಿಲ್ಲ. ಕೊಳ್ಳುವಾಗ ಗೋಡೆಯೊಳಗೆ ಹುದುಗಿದ್ದ ತುದಿಯನ್ನು ಉಳಿಯಿಂದ ಚುಚ್ಚಿ ನೋಡಿ, ಕುಂಬಾಗುವುದು ಅಲ್ಲಿಂದಲೇ. ಮಿಲ್ಲಿಗೆ ಒಯ್ಯುವ ಮೊದಲು ಮೊಳೆಗಳನ್ನೆಲ್ಲ ಕೀಳಬೇಕು. ಗರಗಸದ ಬ್ಲೇಡು ಹಾಳಾದರೆ ಮಿಲ್ಲಿನವರು ಅದರ ಖರ್ಚನ್ನು ನಿಮ್ಮ ಮೇಲೆಯೇ ಹಾಕುತ್ತಾರೆ.

ಹೊರಗೋಡೆಯ ಹಲಗೆಗೆ ನಮ್ಮದೇ ಹಿತ್ತಿಲಲ್ಲಿ ಗಾಳಿಗೆ ಬಿದ್ದ ಹಲಸಿನ ಮರ. ಹಲಸಿನ ಚೇಗು, ಅಂದರೆ ನಡುವಿನ ಹಳದಿ ಮರ, ಒರಲೆಗೆ, ಅಂದರೆ ಗೆದ್ದಲಿಗೆ, ಸುಲಭಕ್ಕೆ ಬಗ್ಗುವುದಿಲ್ಲ. ಹೊರಸುತ್ತಿನ ಬೆಳ್ಳಗಿನ ಮರ ಮಾತ್ರ ಒಂದೇ ಮಳೆಗಾಲಕ್ಕೆ ಹುಳಕ್ಕೆ ಊಟ. ಈ ಮಾತು ಎಲ್ಲ ಜಾತಿಯ ಮರಕ್ಕೂ ನಿಜ. ಸಾಗುವಾನಿಯ ಬಿಳಿಮರವೂ ಬಾಳಿಕೆಯದಲ್ಲ. ಮರದ ಜಾತಿ ಕೇಳುವುದಕ್ಕಿಂತ ಚೇಗು ಎಷ್ಟಿದೆ ಎಂದು ನೋಡುವುದು ಮುಖ್ಯ.

ಹಲಸು ಸಿಗದಿದ್ದರೆ ಅಕೇಶಿಯಾ ಇದೆ. ನೆಡುತೋಪಿನಲ್ಲಿ ಬೆಳೆದ ಮರ, ಕಾಡಿನ ಮರವಲ್ಲ. ಗಟ್ಟಿ, ಕಂದು ಚೇಗು. ಆದರೆ ಹಸಿಯಲ್ಲಿ ಸೀಳಿ ಹಾಗೇ ಬಿಟ್ಟರೆ ತಿರುಚಿಕೊಳ್ಳುತ್ತದೆ, ಅದಕ್ಕೆ ತಾಳ್ಮೆಯಿಂದ ಒಣಗಿಸುವವರು ಬೇಕು. ಒಳಗಿನ ಅಟ್ಟ, ಕಪಾಟಿಗೆ ಸಿಲ್ವರ್ ಓಕ್ ಸಾಕು. ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆದ ಮರ, ಹೊರಗೆ ಬಾಳದು, ಒಳಗೆ ಔಷಧಿ ಹಾಕಿದರೆ ಚೆನ್ನ. ಹೆಂಚಿನ ಕೆಳಗಿನ ರೀಪಿಗೆ ಹಳೆಯ ಅಡಿಕೆ ಮರದ ದಬ್ಬೆಯೂ ಆಗುತ್ತದೆ, ಹೊರಸುತ್ತಿನ ಕಪ್ಪು ಭಾಗ ಮಾತ್ರ.

ಕಾನೂನಿನ ಮಾತು ಚಿಕ್ಕದಾಗಿ. ನಮ್ಮ ಜಮೀನಿನಲ್ಲೇ ಇದ್ದರೂ ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ಅಡಿಕೆ, ಸಿಲ್ವರ್ ಓಕ್, ನೀಲಗಿರಿ, ರಬ್ಬರ್‌ನಂಥವಕ್ಕೆ ವಿನಾಯಿತಿ ಇದೆ. ಸಾಗುವಾನಿ, ಬೀಟೆ, ಹೊನ್ನೆಗೆ ಇಲ್ಲ. ಬಿದ್ದ ಮರವಾದರೂ ಸಾಗಿಸುವ ಮೊದಲು ಫಾರೆಸ್ಟ್ ಕಚೇರಿಯಲ್ಲಿ ವಿಚಾರಿಸಿ ಪಾಸ್ ಮಾಡಿಸಿಕೊಳ್ಳಿ. ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಸರ್ಕಾರಿ ಕಾಡು) ನಮಗಿರುವುದು ಸೊಪ್ಪು ತರಗೆಲೆಯ ಅನುಕೂಲ, ಅಲ್ಲಿಯ ಮರ ನಮ್ಮ ಕಟ್ಟಡಕ್ಕಲ್ಲ.

ಎಷ್ಟು ಮರ ಬೇಕು?

10×12ರ ಕೋಣೆಗೆ ಕಂಬ, ತೊಲೆ, ಜಂತಿ, ಪಕಾಸಿ (ಛಾವಣಿಯ ಇಳಿಜಾರು ಮರ), ರೀಪು ಎಲ್ಲ ಸೇರಿ ಸುಮಾರು 45 ಘನ ಅಡಿ. ನೆಲಕ್ಕೆ ಒಂದಿಂಚಿನ ಹಲಗೆ 10 ಘನ ಅಡಿ. ಗೋಡೆಗೆ, ಹಲಗೆಯ ಮೇಲೆ ಹಲಗೆ ಹಾಯುವುದನ್ನೂ ಸೇರಿಸಿ, 25. ಒಟ್ಟು 80, ಹಾಳಾಗುವುದಕ್ಕೆ ಇನ್ನೊಂದು ಎಂಟು-ಹತ್ತು.

ಇದು ಸೀಳಿದ ಮೇಲಿನ ಲೆಕ್ಕ. ದಿಮ್ಮಿಯ ಅಳತೆಯೇ ಬೇರೆ. ದಿಮ್ಮಿಯ ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸುವುದು ವ್ಯಾಪಾರದ ರೂಢಿ. ನಮ್ಮ ಹಲಸಿನ ದಿಮ್ಮಿಯೊಂದರ ಸುತ್ತು 60 ಇಂಚು, ಉದ್ದ 10 ಅಡಿ. ಕಾಲು ಸುತ್ತು 15 ಇಂಚು, ಅಂದರೆ ಒಂದೂಕಾಲು ಅಡಿ. ಒಂದೂಕಾಲು ಗುಣಿಸು ಒಂದೂಕಾಲು ಗುಣಿಸು ಹತ್ತು, 15.6 ಘನ ಅಡಿ. ಗುಂಡು ಮರದ ನಿಜವಾದ ಗಾತ್ರ ಇದಕ್ಕಿಂತ ಹೆಚ್ಚು, ಸುಮಾರು 20. ತೊಗಟೆ, ಬಿಳಿಮರ, ಗರಗಸದ ಹೊಟ್ಟು ಹೋಗಿ ಅದರಲ್ಲಿ ಕೈಗೆ ಬರುವುದು ಅರ್ಧದ ಆಸುಪಾಸು. ಈ ಲೆಕ್ಕ ಮಾಡದೆ ದಿಮ್ಮಿ ಕೊಂಡರೆ ಗೋಡೆ ಅರ್ಧಕ್ಕೆ ನಿಲ್ಲುತ್ತದೆ.

ಒಣಗಿಸುವುದು: ಇಲ್ಲಿ ಅವಸರ ಬೇಡ

ಇಡೀ ಕೆಲಸದಲ್ಲಿ ನಾನು ಪೆಟ್ಟು ತಿಂದದ್ದು ಇಲ್ಲಿ. ಮೊದಲ ಕೋಣೆಗೆ ಒಂದು ಮಿಲ್ಲಿನಿಂದ ಹಲಗೆ ತಂದೆ. "ಒಣಗಿದ್ದೇ" ಅಂದರು, ನಂಬಿದೆ. ದೀಪಾವಳಿ ಹೊತ್ತಿಗೆ ಹೊಡೆದ ಹಲಗೆಗಳು ಶಿವರಾತ್ರಿ ಹೊತ್ತಿಗೆ ಕುಗ್ಗಿ, ಎರಡು ಹಲಗೆಯ ನಡುವೆ ಕಿರುಬೆರಳು ಹೋಗುವಷ್ಟು ಸಂದು. ಮುಂದಿನ ಜೂನ್‌ನಲ್ಲಿ ಆ ಸಂದಿನಿಂದ ಮಳೆ ಒಳಗೆ ಬಂತು. ಬಾಗಿಲು ಮಾತ್ರ ಅದೇ ಮಳೆಯಲ್ಲಿ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡು ತೆಗೆಯಲೇ ಬರಲಿಲ್ಲ.

ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆಂದೇ ಹೇಳಬೇಕು. ಕುಗ್ಗುವುದು ಅಡ್ಡಕ್ಕೆ. ಹಾಗಾಗಿ ಎಲ್ಲ ಕುಗ್ಗುವಿಕೆ ಗೋಡೆಗೆ ಸೇರುವ ಮೊದಲೇ ಆಗಿಬಿಡಬೇಕು.

ಕ್ರಮ ಇದು. ಮರ ಬಿದ್ದ ಕೂಡಲೇ ದಿಮ್ಮಿಯ ಎರಡೂ ತುದಿಗೆ ಸಗಣಿ-ಮಣ್ಣು ಮೆತ್ತಿ, ಇಲ್ಲವೇ ಹಳೆಯ ಪೇಂಟು ಬಳಿಯಿರಿ. ತುದಿಯಿಂದ ನೀರು ಬೇಗ ಹೋದರೆ ಮರ ಸೀಳುತ್ತದೆ. ಸೀಳಿಸಿದ ಹಲಗೆಗಳನ್ನು ಗಾಳಿಯಾಡುವ ಕೊಟ್ಟಿಗೆಯಲ್ಲಿ, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ, ಪ್ರತಿ ಸಾಲಿನ ನಡುವೆ ಒಂದಿಂಚಿನ ರೀಪಿನ ತುಂಡಿಟ್ಟು ಪೇರಿಸಿ. ರೀಪುಗಳು ಮೇಲಿಂದ ಕೆಳಗಿನವರೆಗೆ ಒಂದೇ ನೇರಕ್ಕೆ ಇರಬೇಕು, ಇಲ್ಲದಿದ್ದರೆ ಹಲಗೆ ಅಲೆಯಾಗುತ್ತದೆ. ಮೇಲೆ ಕಲ್ಲು ಹೇರಿ. ನೇರ ಬಿಸಿಲು ಬೇಡ. ಒಂದಿಂಚಿನ ಹಲಗೆಗೆ ಒಂದು ಪೂರ್ತಿ ಬೇಸಿಗೆ ಬೇಕು. ನಾಲ್ಕಿಂಚಿನ ಹಸಿ ಕಂಬಕ್ಕೆ ಎರಡು. ಹಳೆ ಮನೆಯ ಮರ ಕೊಂಡರೆ ಈ ಎರಡು ವರ್ಷ ಉಳಿಯಿತು.

ಒಣಗಿತೋ ಇಲ್ಲವೋ ಎಂದು ತಿಳಿಯಲು ಸುಲಭದ ಉಪಾಯವಿದೆ. ಹಲಗೆಯ ತುದಿ ಬಿಟ್ಟು ನಡುವಿನಿಂದ ಅಂಗೈಯಗಲದ ತುಂಡು ಕತ್ತರಿಸಿ ತೂಗಿ. ಅಡುಗೆಮನೆಯ ಓವನ್‌ನಲ್ಲಿ 100 ಡಿಗ್ರಿ ಚಿಲ್ಲರೆ ಶಾಖಕ್ಕಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಆಗಾಗ ತೂಗುತ್ತಾ ಹೋಗಿ. ಮೊದಲು 240 ಗ್ರಾಂ ಇದ್ದದ್ದು 200ಕ್ಕೆ ನಿಂತರೆ, ಹೋದ 40 ಗ್ರಾಂ ನೀರು ಒಣ ತೂಕದ ಶೇ. 20. ತೇವಾಂಶ 20ಕ್ಕಿಂತ ಕೆಳಗಿದ್ದರೆ ಕುಂಬು ಹಿಡಿಸುವ ಶಿಲೀಂಧ್ರ ಬೆಳೆಯುವುದಿಲ್ಲ. ಗೋಡೆ, ನೆಲದ ಹಲಗೆ 15ರ ಹತ್ತಿರ ಬಂದ ಮೇಲೆಯೇ ನಾನು ಈಗ ಮೊಳೆ ಹೊಡೆಯುವುದು. ಮರದ ಪರೀಕ್ಷೆ, ಸಂಸ್ಕರಣೆಯ ಬಗ್ಗೆ ಹೆಚ್ಚು ತಿಳಿಯಬೇಕಾದವರಿಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ.

ಸಿಲ್ವರ್ ಓಕ್‌ನಂಥ ಮೆತ್ತನೆ ಮರಕ್ಕೆ ಬೋರಾಕ್ಸ್-ಬೋರಿಕ್ ಆಸಿಡ್ ಔಷಧಿ. 100 ಲೀಟರ್ ನೀರಿಗೆ 3 ಕೆ.ಜಿ. ಬೋರಾಕ್ಸ್, 2 ಕೆ.ಜಿ. ಬೋರಿಕ್ ಆಸಿಡ್. ಬಿಸಿನೀರಿನಲ್ಲಿ ಕರಗಿಸಿ ತೊಟ್ಟಿಗೆ ಹಾಕಿ, ಹಸಿ ಹಲಗೆಗಳನ್ನು ಮೂರು-ನಾಲ್ಕು ದಿನ ಮುಳುಗಿಸಿ, ತೆಗೆದು ಎರಡು ವಾರ ತಾಡಪಾಲಿನಲ್ಲಿ ಮುಚ್ಚಿಟ್ಟು ಆಮೇಲೆ ಒಣಗಿಸಿ. ಹಸಿ ಮರದಲ್ಲಿ ಔಷಧಿ ಆಳಕ್ಕೆ ಇಳಿಯುತ್ತದೆ. ಮಳೆಗೆ ಸಿಕ್ಕರೆ ತೊಳೆದು ಹೋಗುತ್ತದೆ, ಅದಕ್ಕೇ ಒಳಗಿನ ಮರಕ್ಕೆ ಮಾತ್ರ. ತೊಟ್ಟಿಗೆ ದನ ಬಾಯಿ ಹಾಕದಂತೆ ಬೇಲಿ ಕಟ್ಟಿ, ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ.

ಬುಡ

ಕಂಬವನ್ನು ಮಣ್ಣಿನಲ್ಲಿ ಹುಗಿಯಬೇಡಿ. ಕಾಂಕ್ರೀಟಿನಲ್ಲೂ ಹುಗಿಯಬೇಡಿ. ಕಾಂಕ್ರೀಟು ಮರದ ಬುಡಕ್ಕೆ ಬಟ್ಟಲಿನ ಹಾಗೆ, ಇಳಿದ ನೀರು ಅಲ್ಲೇ ನಿಲ್ಲುತ್ತದೆ.

ಉದ್ದಕ್ಕೆ ಮೂರು, ಅಡ್ಡಕ್ಕೆ ಮೂರು, ಒಟ್ಟು 9 ಕಲ್ಲಿನ ಕಾಲು. ಒಂದರಿಂದ ಒಂದಕ್ಕೆ ಉದ್ದದಲ್ಲಿ 6 ಅಡಿ, ಅಡ್ಡದಲ್ಲಿ 5 ಅಡಿ. ಮೂಲೆ ನೇರವಿದೆಯೇ ಎಂದು ನೋಡಲು 3-4-5ರ ಲೆಕ್ಕ: ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಹಾಕಿದರೆ ನಡುವಿನ ಅಂತರ ಸರಿಯಾಗಿ 5 ಅಡಿ ಬರಬೇಕು. ಆಮೇಲೆ ಎರಡು ಕರ್ಣದ ದಾರ ಹಿಡಿದು ನೋಡಿ, ಎರಡೂ ಒಂದೇ ಉದ್ದ ಬರಬೇಕು.

ಪ್ರತಿ ಕಾಲಿಗೆ 2 ಅಡಿ ಚೌಕದ, ಗಟ್ಟಿ ನೆಲ ಸಿಗುವವರೆಗಿನ ಗುಂಡಿ. ತಳಕ್ಕೆ ಜಲ್ಲಿ ಹಾಕಿ ದಮ್ಮಸ್ಸು ಹೊಡೆದು, ಜಂಬಿಟ್ಟಿಗೆಯಲ್ಲಿ ಕಟ್ಟಿ ಮೇಲೆ ತರಬೇಕು. ನೆಲದಿಂದ ಕನಿಷ್ಠ ಒಂದೂವರೆ ಅಡಿ ಮೇಲೆ. ಸೂರಿನಿಂದ ಬಿದ್ದ ಹನಿ ಕೆಂಪು ಮಣ್ಣನ್ನು ಎಷ್ಟು ಎತ್ತರಕ್ಕೆ ಹಾರಿಸುತ್ತದೆ ಎಂದು ನಿಮ್ಮ ಮನೆಯ ಗೋಡೆಯನ್ನೇ ನೋಡಿ, ಕೆಂಪು ಕಲೆ ಒಂದಡಿ ದಾಟಿರುತ್ತದೆ. ಎಲ್ಲ ಕಾಲುಗಳ ತಲೆ ಒಂದೇ ಮಟ್ಟಕ್ಕೆ ಬರಲು ನೀರಿನ ಪೈಪು ಹಿಡಿದು ಮಟ್ಟ ಮಾಡಿ. ಉದ್ದದ ಅಂತರಕ್ಕೆ ರಸಮಟ್ಟಕ್ಕಿಂತ ಅದು ನಂಬಿಕೆಯದು.

ಕಲ್ಲಿನ ತಲೆಯ ಮೇಲೆ ಜಿಂಕ್ ತಗಡಿನ ಟೋಪಿ ಕೂರಿಸಿ. ಕಲ್ಲಿಗಿಂತ ಸುತ್ತಲೂ 2 ಇಂಚು ಹೊರಗೆ ಚಾಚಿ, ಅಂಚು ಕೆಳಕ್ಕೆ ಬಾಗಿರಬೇಕು. ಒರಲೆ ಬೆಳಕಿಗೆ ಬರುವುದಿಲ್ಲ, ಮಣ್ಣಿನ ಕೊಳವೆ ಕಟ್ಟಿಕೊಂಡು ಅದರೊಳಗೇ ಹತ್ತುತ್ತದೆ. ತಗಡಿನ ಅಂಚು ಸುತ್ತಿ ಮೇಲೆ ಹೋಗಬೇಕಾದರೆ ಕೊಳವೆಯನ್ನು ಬಯಲಿನಲ್ಲಿ ಕಟ್ಟಬೇಕು, ಆಗ ನಮ್ಮ ಕಣ್ಣಿಗೆ ಬೀಳುತ್ತದೆ. ಟೋಪಿ ಒರಲೆಯನ್ನು ಕೊಲ್ಲುವುದಿಲ್ಲ, ತೋರಿಸಿಕೊಡುತ್ತದೆ, ಅಷ್ಟೇ. ಅಷ್ಟು ಸಾಕು, ಪೊರಕೆಯಿಂದ ಗುಡಿಸಿಬಿಡಬಹುದು.

ನನ್ನ ಮೊದಲ ಕೋಣೆಯನ್ನು ತಿಂದದ್ದು ಒರಲೆಯೇ. ಕಂಬದ ಕಡೆಯಿಂದ ಬರಲಿಲ್ಲ. ಹಿಂದಿನ ಗೋಡೆಗೆ ಒರಗಿಸಿ ಕಟ್ಟಿಗೆ ಪೇರಿಸಿದ್ದೆವು. ಕಟ್ಟಿಗೆಯೊಳಗಿಂದಲೇ ಹತ್ತಿ, ಹಲಗೆ ಹೊಕ್ಕು, ಜಂತಿಗೆ ಹೋಗಿತ್ತು. ಕಟ್ಟಿಗೆ ತೆಗೆದ ದಿನ ಹಲಗೆಗೆ ಬೆರಳೊತ್ತಿದರೆ ಕಾಗದದ ಹಾಗೆ ಒಳಗೆ ಹೋಯಿತು. ಹೊರಗಿನ ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಆದ್ದರಿಂದ ಕೋಣೆಯ ಸುತ್ತ ಎರಡಡಿ ಜಾಗದಲ್ಲಿ ಕಟ್ಟಿಗೆ, ತರಗೆಲೆ, ಹೂಕುಂಡ ಯಾವುದೂ ಬೇಡ. ನೆಲದಡಿಯ ಬಯಲನ್ನು ಗೋಡೆ ಕಟ್ಟಿ ಮುಚ್ಚಬೇಡಿ. ಗಾಳಿಯಾಡಬೇಕು, ಬಗ್ಗಿ ನೋಡಲು ಬರಬೇಕು. ಇಲಿ-ಹೆಗ್ಗಣದ ಕಾಟವಿದ್ದರೆ ಜಾಲರಿ ಹಾಕಿ.

ಚೌಕಟ್ಟು

ತಗಡಿನ ಮೇಲೆ ಉದ್ದಕ್ಕೆ ಮೂರು ಅಡಿ ತೊಲೆ, 4×5 ಇಂಚು. ಅದರ ಮೇಲೆ ಅಡ್ಡಕ್ಕೆ 2×4ರ ಜಂತಿ, ಒಂದೂವರೆ ಅಡಿಗೊಂದರಂತೆ 9. ಎರಡೂ ಉದ್ದ ಬದಿಗೆ ಮೂರು ಮೂರರಂತೆ ಆರು ಕಂಬ, 4×4. ಕಂಬದ ಮೇಲೆ ಉದ್ದ ತೊಲೆ, ಎರಡೂ ಕಡೆ ಎರಡೆರಡು ಅಡಿ ಹೊರಗೆ ಚಾಚಿ 16 ಅಡಿ. ನೆಲದ ಹಲಗೆಯಿಂದ ಈ ತೊಲೆಗೆ 8 ಅಡಿ ಎತ್ತರ.

ಸೇರುವಲ್ಲಿ ಕಚ್ಚು ಹಾಕಿ ಕೂರಿಸಿ, ಮರದ ಗೂಟ ಹೊಡೆಯುವುದು ನಮ್ಮ ಆಚಾರ್ರ ಪದ್ಧತಿ. ನಾನು ಬೋಲ್ಟ್ ಹಾಕೋಣ ಎಂದಿದ್ದೆ. "ಬೋಲ್ಟು ಮಳೆಗಾಲಕ್ಕೆ ಬಿಗಿ, ಬೇಸಿಗೆಗೆ ಸಡಿಲ. ವರ್ಷ ವರ್ಷ ಪಾನಾ ಹಿಡಕೊಂಡು ಬರ್ತೀರಾ?" ಎಂದರು ಅವರು. ಗೂಟಕ್ಕೆ ಚೆನ್ನಾಗಿ ಒಣಗಿದ ಗಟ್ಟಿ ಮರ ಬೇಕು. ಒಣ ಗೂಟ ಕಂಬದ ತೇವ ಹೀರಿ ಉಬ್ಬಿ ಬಿಗಿಯಾಗುತ್ತದೆ. ಕಂಬದ ತೂತು ತೊಲೆಯ ತೂತಿಗಿಂತ ಎರಡು ನೂಲು (ಕಾಲಿಂಚು) ಆಚೀಚೆ ಇದ್ದರೆ ಗೂಟ ಹೊಡೆದಂತೆ ಎರಡೂ ಮರ ಒಂದಕ್ಕೊಂದು ಎಳೆದುಕೊಳ್ಳುತ್ತವೆ.

ಓರೆಗಟ್ಟು ಮರೆಯಬೇಡಿ. ಕಂಬ ತೊಲೆ ನಿಲ್ಲಿಸಿದ ಮೇಲೆ ಮೂಲೆ ಕಂಬವನ್ನು ಕೈಯಿಂದ ತಳ್ಳಿ ನೋಡಿ, ಇಡೀ ಚೌಕಟ್ಟು ತೂಗುತ್ತದೆ. ಪ್ರತಿ ಮೂಲೆಯಲ್ಲಿ ಕಂಬದಿಂದ ತೊಲೆಗೆ 2 ಅಡಿ ದೂರಕ್ಕೆ ಓರೆಯಾಗಿ 2×4 ತುಂಡು ಕಚ್ಚಿಸಿ ಮತ್ತೆ ತಳ್ಳಿ. ಅಲುಗುವುದಿಲ್ಲ. ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಕೋಣೆ ನಿಲ್ಲುವುದು ಈ ತುಂಡುಗಳಿಂದ.

ಮಾಡು

ಮರದ ಕೋಣೆಯ ಆಯುಸ್ಸು ಗೊತ್ತುಮಾಡುವುದು ಸೂರಿನ ಅಗಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ. ಅಷ್ಟಿಲ್ಲದ ಊರಿನಲ್ಲೂ ಮಲೆನಾಡಿನ ಮಳೆ ನೇರ ಸುರಿಯುವುದಿಲ್ಲ, ಓರೆಯಾಗಿ ಬೀಸುತ್ತದೆ. ಉದ್ದ ಬದಿಗಳಲ್ಲಿ 3 ಅಡಿ, ತ್ರಿಕೋನದ ಬದಿಗಳಲ್ಲಿ 2 ಅಡಿ ಸೂರು ಇಟ್ಟಿದ್ದೇವೆ. 120 ಚದರಡಿ ಕೋಣೆಗೆ 16×16 ಅಡಿ ಮಾಡು (ಛಾವಣಿ), ಅಂದರೆ ನೆಲದ ಎರಡು ಪಟ್ಟಿಗೂ ಹೆಚ್ಚು. ನೋಡಿದವರು ಟೋಪಿ ದೊಡ್ಡದಾಯಿತು ಎಂದರು. ನನಗೆ ಹಾಗನ್ನಿಸಿಲ್ಲ.

ಇಳಿಜಾರು 30 ಡಿಗ್ರಿ. ಕೋಣೆಯ ನಡುವಿಗೆ 5 ಅಡಿ ದೂರ, ಅದಕ್ಕೆ ಮಾಡು 2 ಅಡಿ 11 ಇಂಚು ಏರಬೇಕು. ಸೂರು ಸೇರಿ ಪಕಾಸಿಯ ಉದ್ದ ಒಂಬತ್ತೂಕಾಲು ಅಡಿ. 2×4 ಇಂಚಿನ ಪಕಾಸಿ, ಎರಡಡಿಗೊಂದು, ಎರಡೂ ಕಡೆ ಸೇರಿ 18. ಸೂರಿನ ತುದಿ ನೆಲದ ಹಲಗೆಯಿಂದ 6 ಅಡಿ 3 ಇಂಚಿಗೆ ಬರುತ್ತದೆ. ಇದಕ್ಕಿಂತ ಇಳಿಸಿದರೆ ಬಾಗಿಲಲ್ಲಿ ತಲೆ ತಾಗೀತು.

ಮಂಗಳೂರು ಹೆಂಚೇ ಹಾಕಿದೆವು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಇಟ್ಟಲ್ಲಿಂದ ಶುರುವಾದ ಹೆಂಚು ಇದು. ಹಳೆ ಮನೆಗಳಿಂದ ಬಿಚ್ಚಿದ ಹೆಂಚು ಬೆರಳಿನಿಂದ ತಟ್ಟಿದಾಗ ಕಂಚಿನ ಹಾಗೆ ಸದ್ದು ಮಾಡಿದರೆ ಚೆನ್ನಾಗಿದೆ, ಮಂಕು ಸದ್ದಾದರೆ ಒಳಗೆ ಬಿರುಕಿದೆ. ಈ ಮಾಡಿಗೆ ಸುಮಾರು 450 ಬೇಕು. ತಲಾ ಎರಡೂವರೆ ಕೆ.ಜಿ. ಹಿಡಿದರೂ ಟನ್ನಿಗೆ ಮೇಲೆ ಭಾರ, ಮಳೆಯಲ್ಲಿ ನೀರು ಕುಡಿದು ಇನ್ನೂ ಹೆಚ್ಚು. ರೀಪಿನ ಅಂತರ ಯಾರನ್ನೂ ಕೇಳಬೇಡಿ. ನಿಮ್ಮ ಹೆಂಚಿನಲ್ಲೇ ಎರಡನ್ನು ಒಂದಕ್ಕೊಂದು ಕೂರಿಸಿ, ಕೊಕ್ಕೆಯಿಂದ ಕೊಕ್ಕೆಗೆ ಅಳೆಯಿರಿ. ಕಾರ್ಖಾನೆಯಿಂದ ಕಾರ್ಖಾನೆಗೆ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹತ್ತು ಸಾಲಿಗೆ ಅದು ಇಂಚಾಗುತ್ತದೆ. ಎರಡು ಮೂರು ಗಾಜಿನ ಹೆಂಚು ನಡುವೆ ಹಾಕಿದರೆ ಮಳೆಗಾಲದ ಹಗಲಲ್ಲೂ ದೀಪ ಬೇಡ. ಸೂರಿನ ಅಂಚಿನ ಎರಡು ಸಾಲು ಹೆಂಚನ್ನು ತಂತಿಯಿಂದ ರೀಪಿಗೆ ಕಟ್ಟಿ, ಗಾಳಿ ಮೊದಲು ಎತ್ತುವುದು ಅವನ್ನೇ. ಮಂಗನ ಕಾಟ ಇರುವ ಊರಾದರೆ 20 ಹೆಂಚು ಹೆಚ್ಚಿಗೆ ಇಟ್ಟುಕೊಳ್ಳಿ.

ಈ ಮಾಡಿನ ಮೇಲೆ 100 ಮಿ.ಮೀ. ಮಳೆ ಬಿದ್ದ ದಿನ ಹತ್ತಿರ ಹತ್ತಿರ 2,400 ಲೀಟರ್ ನೀರು ಕೆಳಗಿಳಿಯುತ್ತದೆ. ಹನಿ ಬೀಳುವ ಗೆರೆಯ ಉದ್ದಕ್ಕೂ ಒಂದಡಿ ಅಗಲದ ಚರಂಡಿ ತೋಡಿ, ಜಲ್ಲಿ ತುಂಬಿ, ತೋಟದ ಕಡೆ ಇಳಿಸಿ. ಜಲ್ಲಿಯ ಮೇಲೆ ಬಿದ್ದ ಹನಿ ಮಣ್ಣು ಹಾರಿಸುವುದಿಲ್ಲ.

ಗೋಡೆ ಮತ್ತು ನೆಲ

ಕಂಬಗಳ ನಡುವೆ ಎರಡಡಿಗೊಂದು 2×3ರ ನಿಲುವು ಪಟ್ಟಿ ಕೂರಿಸಿ, ಹೊರಗಿನಿಂದ ಅಡ್ಡ ಹಲಗೆ. ಕೆಳಗಿನಿಂದ ಶುರುಮಾಡಿ, ಮೇಲಿನ ಹಲಗೆ ಕೆಳಗಿನದರ ಮೇಲೆ ಒಂದೂಕಾಲು ಇಂಚು ಹಾಯಬೇಕು.

ಮೊಳೆ ಹೊಡೆಯುವುದರಲ್ಲಿ ಒಂದು ಗುಟ್ಟಿದೆ. ಪ್ರತಿ ಪಟ್ಟಿಯಲ್ಲಿ ಹಲಗೆಗೆ ಒಂದೇ ಮೊಳೆ, ಅದೂ ಹಾಯ್ದ ಜಾಗಕ್ಕಿಂತ ಸ್ವಲ್ಪ ಮೇಲೆ, ಕೆಳಗಿನ ಹಲಗೆಯ ಅಂಚಿಗೆ ತಾಗದಂತೆ. ಎರಡು ಹಲಗೆ ಸೇರಿಸಿ ಒಂದೇ ಮೊಳೆ ಹೊಡೆದರೆ ಎರಡೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಬೇಸಿಗೆಯಲ್ಲಿ ಕುಗ್ಗಲು ಜಾಗವಿಲ್ಲದೆ ಟಪ್ಪೆಂದು ಸೀಳುತ್ತವೆ. ಒಂದೇ ಮೊಳೆಯಾದರೆ ಹಲಗೆ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗಿ ತನ್ನ ಪಾಡಿಗೆ ಇರುತ್ತದೆ. ತುಕ್ಕು ಹಿಡಿಯದ ಸ್ಟೀಲ್ ಮೊಳೆ, ಇಲ್ಲವೇ ಜಿಂಕ್ ಲೇಪದ್ದು. ಸಾದಾ ಕಬ್ಬಿಣದ ಮೊಳೆ ಮರದ ಒಗರಿಗೆ ಸೇರಿ ಕಪ್ಪು ನೀರು ಇಳಿಸುತ್ತದೆ. ಗಟ್ಟಿ ಮರಕ್ಕೆ ಮೊದಲು ಡ್ರಿಲ್‌ನಿಂದ ತೂತು ಮಾಡಿಕೊಳ್ಳಿ.

ನೆಲಕ್ಕೆ ಒಂದಿಂಚಿನ ಹಲಗೆ ಹತ್ತರಿ ಹೊಡೆದು ಹಾಕಿ, ಗೋಡೆಯ ಬುಡದಲ್ಲಿ ಅರ್ಧ ಇಂಚು ಸಂದು ಬಿಡಿ. ಕಿಟಕಿ ಎದುರುಬದುರು ಇರಲಿ. ತ್ರಿಕೋನದ ನೆತ್ತಿಯಲ್ಲಿ ಜಾಲರಿ ಹಾಕಿದ ಕಿಂಡಿ ಬಿಟ್ಟರೆ ಹೆಂಚಿನ ಕಾವು ಅಲ್ಲಿಂದ ಹೊರಹೋಗುತ್ತದೆ. ವೈರಿಂಗ್ ಪೈಪಿನೊಳಗೇ ಆಗಬೇಕು, ಅರ್ಥಿಂಗ್ ಪ್ರತ್ಯೇಕ ಹಾಕಿಸಿ.

ನೈಋತ್ಯದ ಗೋಡೆಗೆ ಮಳೆಗಾಲದಲ್ಲಿ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತೇವೆ. ನಮ್ಮ ಹಿರಿಯರು ಮಣ್ಣಿನ ಗೋಡೆಗೆ ಕಟ್ಟುತ್ತಿದ್ದದ್ದೇ. ಮೇ ಕೊನೆಗೆ ಕಟ್ಟಿ, ಅಕ್ಟೋಬರ್‌ನಲ್ಲಿ ಬಿಚ್ಚಿ ಗೊಬ್ಬರಗುಂಡಿಗೆ. ಗೋಡೆಗೂ ತಟ್ಟಿಗೂ ನಡುವೆ ಒಂದು ಗೇಣು ಬಿಡಲೇಬೇಕು, ಒತ್ತಿ ಕಟ್ಟಿದರೆ ತಟ್ಟಿಯೇ ತೇವ ಹಿಡಿದಿಡುತ್ತದೆ.

ಎಣ್ಣೆ

ವಾರ್ನಿಷ್ ಬೇಡವೆಂದೇ ನನ್ನ ಅಭಿಪ್ರಾಯ. ಹೊಳಪು ಎರಡು ವರ್ಷ, ಆಮೇಲೆ ಬಿರುಕಿನೊಳಗೆ ನೀರು ಹೊಕ್ಕು ಪದರದ ಅಡಿಯಲ್ಲೇ ಉಳಿಯುತ್ತದೆ. ಹೊರಗೋಡೆಗೆ, ಒಳಗೆ ಕಾಣುವ ಮರಕ್ಕೆ ಅಗಸೆ ಎಣ್ಣೆ. ತೆಳುವಾಗಿ ಬಳಿದು ಅರ್ಧ ಗಂಟೆ ಬಿಟ್ಟು ಹೆಚ್ಚಾದದ್ದನ್ನು ಒರೆಸಿ, ಹೀಗೆ ಮೂರು ಸಲ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಕಾವು ಏಳುತ್ತದೆ, ಮುದ್ದೆಯೊಳಗೆ ತಾನಾಗಿಯೇ ಬೆಂಕಿ ಹತ್ತಬಹುದು. ಬಿಡಿಸಿ ಹಗ್ಗದ ಮೇಲೆ ಹರವಿ.

ಅಡಿ ತೊಲೆ, ಜಂತಿ, ಪಕಾಸಿಗೆ ಗೇರೆಣ್ಣೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಕಪ್ಪೆಣ್ಣೆಯನ್ನು ಹುಳ ಹತ್ತದಿರಲೆಂದು ಮರಕ್ಕೆ ಬಳಿಯುವುದು ನಮ್ಮ ಕಡೆಯ ರೂಢಿ. ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ, ಉದ್ದ ಕೈಯ ಅಂಗಿ, ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಮರ ಎತ್ತಿ ನಿಲ್ಲಿಸುವ ಮೊದಲೇ, ನೆಲದ ಮೇಲಿರುವಾಗ ಬಳಿದು ಒಣಗಿಸಿ. ಕಡಿದ ತುದಿಗಳಿಗೆ, ಕಚ್ಚಿನ ಒಳಗೆ ಎರಡು ಪಟ್ಟು ಕುಡಿಸಬೇಕು. ಮರ ನೀರು ಹೀರುವುದು ಹೆಚ್ಚಾಗಿ ತುದಿಯಿಂದಲೇ.

ಆಮೇಲಿನ ನಿಗಾ

ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಟಾರ್ಚು ಹಿಡಿದು ನೆಲದಡಿ ಬಗ್ಗಿ ನೋಡುವುದು, ತಗಡಿನ ಟೋಪಿಯ ಅಂಚಿನಲ್ಲಿ ಮಣ್ಣಿನ ಗೆರೆ ಕಂಡರೆ ಒಡೆದು ಹಾಕುವುದು. ನೆಲದ ಮೇಲೆ ಹಿಟ್ಟಿನಂಥ ಪುಡಿ ಉದುರಿದ್ದರೆ ಮೇಲೆ ಎಲ್ಲೋ ಕುಟ್ಟೆ (ಮರ ಕೊರೆಯುವ ಹುಳ) ಬಿದ್ದಿದೆ ಎಂದರ್ಥ, ತೂತು ಹುಡುಕಿ ಸಿರಿಂಜಿನಲ್ಲಿ ಬೋರಾಕ್ಸ್ ನೀರು ಬಿಡಬೇಕು. ತಟ್ಟಿ ಬಿಚ್ಚಿದ ಮೇಲೆ ಹೆಂಚಿನ ಪಾಚಿ, ಚರಂಡಿಯ ಎಲೆ ತೆಗೆದು, ಎರಡು ವರ್ಷಕ್ಕೊಮ್ಮೆ ಹೊರಗೋಡೆಗೆ ಒಂದು ಕೈ ಎಣ್ಣೆ.

ನಾಲ್ಕನೆಯ ವರ್ಷ ನೈಋತ್ಯದ ಗೋಡೆಯ ತೀರಾ ಕೆಳಗಿನ ಹಲಗೆ ಒಂದು ಮೂಲೆಯಲ್ಲಿ ಮೆತ್ತಗಾಗಿತ್ತು. ನೋಡಿದರೆ ಆ ತುದಿಯಲ್ಲಿ ಎರಡು ಬೆರಳಿನಷ್ಟು ಬಿಳಿಮರ ಉಳಿದುಕೊಂಡಿತ್ತು, ಕಟ್ಟುವಾಗ ಕಣ್ಣು ತಪ್ಪಿದ್ದು. ಆಚಾರ್ರು ಬಂದು ಆ ಒಂದು ಹಲಗೆಯ ಏಳು ಮೊಳೆ ಕಿತ್ತು ಕೆಳಕ್ಕೆ ಎಳೆದುಕೊಂಡರು. ಕೊಟ್ಟಿಗೆಯಲ್ಲಿ ಉಳಿಸಿಟ್ಟಿದ್ದ ಹಲಸಿನ ಹಲಗೆ ಅಳೆದು ಕತ್ತರಿಸಿ, ಮೇಲಿನ ಹಲಗೆಯ ಅಡಿಗೆ ದೂಡಿ, ಹಳೆ ತೂತಿನ ಪಕ್ಕದಲ್ಲೇ ಏಳು ಮೊಳೆ ಹೊಡೆದರು. ಮೇಲಿನ ಒಂದು ಹಲಗೆಯನ್ನೂ ಮುಟ್ಟಬೇಕಾಗಲಿಲ್ಲ. ಹೊಸ ಹಲಗೆ ಒಂದು ಬೇಸಿಗೆ ಹಳದಿಯಾಗಿ ಎದ್ದು ಕಾಣುತ್ತಿತ್ತು, ಈಗ ಉಳಿದವುಗಳ ಕಂದಿಗೇ ತಿರುಗಿದೆ.